3,35,50,336: ಅರ್ಧ ಮಾಡುತ್ತಾ ಕಳೆದ ಒಂದು ಭಾನುವಾರ

6, 28, 496, 8128 ಆದ ಮೇಲೆ ಬರುವ ಪರಿಪೂರ್ಣ ಸಂಖ್ಯೆ ಯಾವುದು ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಕರಿಹಲಗೆಯ ಮೇಲೆ 3,35,50,336 ಎಂದು ಬರೆದೆ. "ಸರ್, ನೀವು ಕೂಡಿ ನೋಡಿದ್ದೀರಾ?" ಎಂದಳು. ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಕಾಗದ, ಪೆನ್ಸಿಲ್ ಹಿಡಿದು ಕುಳಿತೆ.

ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದಾಗ ತಾನೇ ಬರುವ ಸಂಖ್ಯೆ ಪರಿಪೂರ್ಣ: 1+2+4+7+14=28. ಹಾಗಾದರೆ ಮೊದಲು ಭಾಜಕಗಳು ಬೇಕು. ಸಮಸಂಖ್ಯೆಯಾದ್ದರಿಂದ ಅರ್ಧ ಮಾಡುತ್ತಾ ಹೋದೆ. 1,67,75,168, 83,87,584, ಹೀಗೆ ಇಳಿದು ಕೊನೆಗೆ 16373 ಎಂಬ ಬೆಸ ಸಂಖ್ಯೆಗೆ ಬಂದು ನಿಂತೆ. ಅದು 7ರಿಂದ ನಿಶ್ಶೇಷವಾಗಿ ಭಾಗವಾಯಿತು. ಅನುಮಾನ ಬಂದು ಮೂಲ ಸಂಖ್ಯೆಯನ್ನೇ 7ರಿಂದ ಭಾಗಿಸಿದರೆ ಶೇಷ 1 ಉಳಿಯಿತು. ಮೂಲವನ್ನು ಭಾಗಿಸದ 7 ಅದರ ಭಾಜಕವನ್ನು ಭಾಗಿಸುವುದು ಸಾಧ್ಯವೇ ಇಲ್ಲ. ಸಾಲು ಸಾಲಾಗಿ ಹಿಂದಕ್ಕೆ ಹೋದೆ. 65528ರ ಅರ್ಧ 32764. ನಾನು 32746 ಎಂದು ಬರೆದಿದ್ದೆ. ತಿದ್ದಿದ ಮೇಲೆ ಹನ್ನೆರಡನೆಯ ಸಲಕ್ಕೆ 8191 ಸಿಕ್ಕಿತು.

8191 ಇನ್ನೂ ಒಡೆಯುವಂತಿದ್ದರೆ ಭಾಜಕಗಳು ಹೆಚ್ಚಿ ಮೊತ್ತ ಮೀರುತ್ತದೆ. ಅದು ಅವಿಭಾಜ್ಯವೇ? ಅದರ ವರ್ಗಮೂಲ 90ಕ್ಕಿಂತ ತುಸು ಹೆಚ್ಚು. 89ರವರೆಗಿನ 24 ಅವಿಭಾಜ್ಯಗಳಿಂದಲೂ ಭಾಗಿಸಬೇಕಾದೀತು. ಆದರೆ 8191 ಎಂದರೆ 2ರ 13ನೆಯ ಘಾತದಲ್ಲಿ ಒಂದು ಕಡಿಮೆ. ಇಂಥ ಸಂಖ್ಯೆಯ ಅವಿಭಾಜ್ಯ ಭಾಜಕವನ್ನು 13ರ ಎರಡರಷ್ಟು, ಅಂದರೆ 26ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಎಂಬುದು ಗಣಿತಜ್ಞ ಫರ್ಮಾ ಕಂಡ ನಿಯಮ. ಆಗ ಉಳಿಯುವುದು 53 ಮತ್ತು 79 ಮಾತ್ರ. ಮೊದಲನೆಯದಕ್ಕೆ ಶೇಷ 29, ಎರಡನೆಯದಕ್ಕೆ 54. ಇಪ್ಪತ್ತನಾಲ್ಕು ಭಾಗಾಕಾರಗಳ ಕೆಲಸ ಎರಡರಲ್ಲೇ ಮುಗಿಯಿತು! ಆ ಕ್ಷಣದ ಸಂತೋಷಕ್ಕಾಗಿಯೇ ಕ್ಯಾಲ್ಕುಲೇಟರ್ ಮುಟ್ಟದೆ ಕುಳಿತದ್ದು ಸಾರ್ಥಕವಾಯಿತು.

ಮುಂದಿನದು ಸುಲಭ. 1ರಿಂದ 4096ರವರೆಗೆ ದ್ವಿಗುಣವಾಗುವ ಹದಿಮೂರು ಭಾಜಕಗಳ ಮೊತ್ತ 8191. 8191ರಿಂದ ದ್ವಿಗುಣವಾಗುತ್ತಾ ಹೋಗುವ ಹನ್ನೆರಡರ ಮೊತ್ತ 3,35,42,145. ಎರಡನ್ನೂ ಕೂಡಿದರೆ 3,35,50,336.

ಸೋಮವಾರ ಆ ಹಾಳೆಯನ್ನು ಹುಡುಗಿಯ ಕೈಗೆ ಕೊಟ್ಟೆ. ಜೊತೆಗೆ, 1ರಿಂದ 127ರವರೆಗಿನ 64 ಬೆಸ ಸಂಖ್ಯೆಗಳ ಘನಗಳನ್ನು ಕೂಡಿದರೂ ಇದೇ ಸಂಖ್ಯೆ ಬರುತ್ತದೆ ಎಂದೆ. ಅವಳು ಅಲ್ಲೇ ಕೂಡಲು ತೊಡಗಿದಳು. 1+27=28. ಇನ್ನೆರಡು ಘನ ಸೇರಿಸಿದಾಗ 496. ಎಂಟನೆಯದಕ್ಕೆ 8128. 6 ಒಂದನ್ನು ಬಿಟ್ಟು ಹಳೆಯ ಪರಿಪೂರ್ಣ ಸಂಖ್ಯೆಗಳೆಲ್ಲ ದಾರಿಯಲ್ಲೇ ಎದುರಾಗುತ್ತಿದ್ದವು. "ಹಾಗಾದರೆ ಹದಿನಾರಕ್ಕೆ?" ಎಂದು ಕೇಳಿ, ತಾನೇ ಕೂಡಿ 1,30,816 ಎಂದಳು. ಅದು 256 ಗುಣಿಸು 511. ಅವಳು ಪೆನ್ಸಿಲ್ ತುದಿಯನ್ನು 511ರ ಮೇಲೆ ಇಟ್ಟು, 7ರಿಂದ ಭಾಗಿಸಿದಳು. 73 ಬಂತು, ಶೇಷ ಉಳಿಯಲಿಲ್ಲ. "ಇದು ಪರಿಪೂರ್ಣವಲ್ಲ ಸರ್" ಎಂದು ಹೇಳಿ, ಮೂವತ್ತೆರಡರ ಕಡೆಗೆ ಹೊರಟಳು.