ಗಾಳಿ ಒಳಗೆ ಬರುವುದು ಸುಲಭ, ಹೊರಗೆ ಹೋಗುವುದೇ ಕಷ್ಟ

ಸ್ವಂತ ಕೈಯಿಂದ ವಿಮಾನ ಕಟ್ಟುವವರ ನಡುವೆ ಎಂಜಿನ್ ಬಿಸಿಯ ಮಾತು ಬಂದರೆ ಸಲಹೆ ಕೊಡದವರು ಯಾರೂ ಇರುವುದಿಲ್ಲ. ಹೆಚ್ಚಿನವರು ಹೇಳುವುದು ಒಂದೇ: ಎಂಜಿನ್ ಹೊದಿಕೆಯ, ಅಂದರೆ ಕೌಲಿಂಗ್‌ನ ಮುಂದಿನ ಬಾಯಿಗಳನ್ನು ಇನ್ನಷ್ಟು ಅಗಲ ಮಾಡಿ. ನಾನು ಆ ಬಾಯಿಗಳಿಗೆ ಗರಗಸ ಮುಟ್ಟಿಸಲಿಲ್ಲ. ನನ್ನ ವಿಮಾನದ ಬಿಸಿ ಹತೋಟಿಗೆ ಬಂದದ್ದು ಬೇರೆ ಕಡೆಯ ಕೆಲಸದಿಂದ.

ನನ್ನದು ಎರಡು ಸೀಟಿನ ಲೋಹದ ವಿಮಾನ. ಎಂಜಿನ್ ಲೈಕಮಿಂಗ್ ಒ-320: ನಾಲ್ಕು ಸಿಲಿಂಡರ್, ತಂಪು ಮಾಡುವುದು ಗಾಳಿ. ಸಿಲಿಂಡರ್ ಹೆಡ್‌ಗೆ, ಅಂದರೆ ಸಿಲಿಂಡರ್‌ನ ಮುಚ್ಚಳದ ಭಾಗಕ್ಕೆ, ತಯಾರಕರು ಕೊಟ್ಟಿರುವ ಗರಿಷ್ಠ ಮಿತಿ 260 ಡಿಗ್ರಿ ಸೆಲ್ಸಿಯಸ್. ಅದು ದಾಟಬಾರದ ಗೆರೆ, ದಿನವೂ ಮುಟ್ಟಿ ಬರುವ ಗೆರೆಯಲ್ಲ. ಹೆಡ್‌ನ ಅಲ್ಯುಮಿನಿಯಂ 200 ಡಿಗ್ರಿ ದಾಟಿದ ಮೇಲೆ ಬೇಗಬೇಗ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಸಮಮಟ್ಟದ ಹಾರಾಟದಲ್ಲಿ 205ರ ಒಳಗೇ ಇರಬೇಕು, ಏರುವಾಗ ಸ್ವಲ್ಪ ಮೇಲೆ ಹೋದರೂ ಬೇಗ ಇಳಿಯಬೇಕು ಎಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡೆ. ಹೊಸ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು ಕೂರುವವರೆಗೆ ಬಿಸಿ ಹೆಚ್ಚೇ ಇರುತ್ತದೆ. ಆ ಅವಧಿ ಮುಗಿಯದೆ ಯಾವ ತೀರ್ಮಾನಕ್ಕೂ ಬರಬಾರದು.

ಮೊದಲ ಕೆಲಸ ಎಂಜಿನ್ ಕೂರಿಸುವ ಮುಂಚೆಯೇ ನಡೆಯಿತು. ಎರಕ ಹೊಯ್ಯುವಾಗ ಫಿನ್‌ಗಳ, ಅಂದರೆ ಬಿಸಿ ಬಿಟ್ಟುಕೊಡಲು ಸಿಲಿಂಡರ್ ಮೈಯಿಂದ ಹೊರಚಾಚಿದ ತೆಳು ಹಾಳೆಗಳ ಸಂದಿಯಲ್ಲಿ ತೆಳುವಾದ ಲೋಹದ ಪದರ ಉಳಿದುಬಿಡುತ್ತದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ವೆಲ್ಡಿಂಗ್ ಕಡ್ಡಿಯಂಥ ಸಣ್ಣ ತಂತಿಯನ್ನು ಒಂದೊಂದು ಸಂದಿಯೊಳಗೂ ತೂರಿಸಿ ನೋಡಿದೆ. ತಂತಿ ಆಚೆ ಬರದಿದ್ದರೆ ಗಾಳಿಯೂ ಬರುವುದಿಲ್ಲ. ಸ್ಪಾರ್ಕ್ ಪ್ಲಗ್‌ನ ಅಕ್ಕಪಕ್ಕದ ಆಳವಾದ ಸಂದಿಗಳಲ್ಲಿ ಹಲವು ಮುಚ್ಚಿಕೊಂಡಿದ್ದವು. ಚಪ್ಪಟೆ ಅರದಿಂದ ನಿಧಾನವಾಗಿ ಬಿಡಿಸಿದೆ. ಇಲ್ಲಿ ಅವಸರ ಕೂಡದು: ಫಿನ್‌ನ ಅಂಚಿನಲ್ಲಿ ಗೀರು ಬಿದ್ದರೆ ನಾಳೆ ಬಿರುಕು ಶುರುವಾಗುವುದು ಅಲ್ಲಿಂದಲೇ.

ಆಮೇಲೆ ಬ್ಯಾಫಲ್. ಗಾಳಿಯನ್ನು ಅದರ ಪಾಡಿಗೆ ಬಿಟ್ಟರೆ ಸಿಲಿಂಡರ್‌ನ ಎದುರು ಭಾಗವನ್ನು ಸವರಿ ಹೊರಟುಹೋಗುತ್ತದೆ, ಹಿಂಬದಿ ಕಾಯುತ್ತಲೇ ಇರುತ್ತದೆ. ಬ್ಯಾಫಲ್ ತಗಡುಗಳು ಸಿಲಿಂಡರ್‌ಗಳ ಮೇಲೊಂದು ಒತ್ತಡದ ಕೋಣೆ ಮಾಡಿ, ಗಾಳಿ ಫಿನ್‌ಗಳ ನಡುವೆಯೇ ನುಸುಳಿ ಕೆಳಗಿಳಿಯುವಂತೆ ಕಟ್ಟಿಹಾಕುತ್ತವೆ. 1928ರಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಫ್ರೆಡ್ ವೈಕ್ ಮತ್ತು ಸಂಗಡಿಗರು ಎಂಜಿನ್‌ಗೆ ಪೂರ್ತಿ ಹೊದಿಕೆ ಹಾಕಿ, ಗಾಳಿಗೆ ಸರಿಯಾದ ದಾರಿ ಮಾಡಿಕೊಟ್ಟರೆ ಎಳೆತವೂ ಕಡಿಮೆ, ತಂಪೂ ಸಾಕಷ್ಟು ಎಂದು ತೋರಿಸಿದ್ದರು. ಆದರೂ ತೆರೆದಷ್ಟೂ ತಂಪು ಎಂದು ವಾದಿಸುವವರು ಇನ್ನೂ ಸಿಗುತ್ತಾರೆ.

ಬ್ಯಾಫಲ್‌ನ ಅಂಚಿಗೂ ಕೌಲಿಂಗ್‌ಗೂ ನಡುವೆ ರಬ್ಬರ್ ಪಟ್ಟಿ ಬರುತ್ತದೆ. ಅದು ಒತ್ತಡದ ಕಡೆಗೆ, ಅಂದರೆ ಒಳಕ್ಕೆ ಬಾಗಿರಬೇಕು. ಆಗ ಗಾಳಿಯೇ ಅದನ್ನು ಕೌಲಿಂಗ್‌ಗೆ ಅದುಮಿ ಹಿಡಿಯುತ್ತದೆ. ಹೊರಕ್ಕೆ ಬಾಗಿದರೆ ಗಾಳಿ ಅದನ್ನು ತಳ್ಳಿಕೊಂಡು ಸೋರಿಹೋಗುತ್ತದೆ. ರಾತ್ರಿ ಹ್ಯಾಂಗರಿನ ದೀಪ ಆರಿಸಿ, ಕೌಲಿಂಗ್‌ನ ಕೆಳಭಾಗದಲ್ಲಿ ಒಂದು ಬಲ್ಬ್ ಇಟ್ಟು, ಮುಂದಿನ ಬಾಯಿಯಿಂದ ಇಣುಕಿದೆ. ಬೆಳಕು ಕಂಡ ಕಡೆಯೆಲ್ಲ ಸೋರಿಕೆ. ಮೂಲೆಗಳಲ್ಲಿ, ಬೋಲ್ಟ್‌ಗಳ ಸುತ್ತ, ತಗಡು ಕ್ರ್ಯಾಂಕ್‌ಕೇಸ್‌ಗೆ ತಾಗುವಲ್ಲಿ ಕಂಡ ಬೆಳಕಿನ ಗೆರೆಗಳನ್ನೆಲ್ಲ ಬಿಸಿ ತಡೆಯುವ ಕೆಂಪು ಸಿಲಿಕೋನ್‌ನಿಂದ ಮುಚ್ಚಿದೆ. ನಾಲ್ಕಾರು ಹಾರಾಟಗಳ ನಂತರ ಕೌಲಿಂಗ್ ಬಿಚ್ಚಿ ಒಳಮೈ ನೋಡಿದರೆ ರಬ್ಬರ್ ಉಜ್ಜಿದ ಕಪ್ಪು ಗೆರೆ ಇರುತ್ತದೆ. ಗೆರೆ ತುಂಡಾದಲ್ಲಿ ಪಟ್ಟಿ ಕೂತಿಲ್ಲ ಎಂದು ತಿಳಿಯಬೇಕು.

ಇಷ್ಟಾದರೂ ಮೂರನೆಯ ಸಿಲಿಂಡರ್ ಉಳಿದವುಗಳಿಗಿಂತ ಬಿಸಿ ತೋರಿಸುತ್ತಿತ್ತು. ಮೊದಲು ಅನುಮಾನಿಸಬೇಕಾದದ್ದು ಮಾಪಕವನ್ನು. ಒಂದನೆಯ ಮತ್ತು ಮೂರನೆಯ ಸಿಲಿಂಡರ್‌ಗಳ ಬಿಸಿ ಅಳೆಯುವ ಪ್ರೋಬ್‌ಗಳನ್ನು ಅದಲುಬದಲು ಮಾಡಿ ಹಾರಿಸಿದೆ. ಬಿಸಿ ಮೂರನೆಯದರಲ್ಲೇ ಉಳಿಯಿತು, ಅಂದರೆ ಪ್ರೋಬ್ ಸರಿಯಾಗಿಯೇ ಇತ್ತು. ಈ ಎಂಜಿನ್‌ನಲ್ಲಿ ಸಿಲಿಂಡರ್ ಹೆಡ್‌ನ ಒಂದು ಬದಿಯ ಫಿನ್‌ಗಳು ಗಿಡ್ಡ. ಬಲಸಾಲಿನಲ್ಲಿ ಆ ಬದಿ ಹಿಂದಕ್ಕೆ, ಎಡಸಾಲಿನಲ್ಲಿ ಮುಂದಕ್ಕೆ ಬರುತ್ತದೆ. ಮೂರನೆಯದು ಬಲಸಾಲಿನ ಹಿಂದಿನ ಸಿಲಿಂಡರ್; ಅದರ ಹಿಂದಿನ ತಗಡು ಆ ಗಿಡ್ಡ ಫಿನ್‌ಗಳಿಗೆ ಅಂಟಿಕೊಂಡೇ ನಿಲ್ಲುವುದರಿಂದ ಗಾಳಿಗೆ ಇಳಿಯಲು ಜಾಗವೇ ಇರುವುದಿಲ್ಲ. ತಗಡಿಗೂ ಸಿಲಿಂಡರ್‌ಗೂ ನಡುವೆ ವಾಷರ್ ಇಟ್ಟು ಸಣ್ಣ ಸಂದು ಬಿಡಿಸಿದೆ. ಮುಂದಿನ ಹಾರಾಟದಿಂದಲೇ ಮೂರನೆಯದು ಸಾಲಿಗೆ ಬಂತು. ನನಗೆ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಈ ವಾಷರ್.

ಈಗ ನಾಲ್ಕೂ ಒಂದೇ ಸಮ ಇದ್ದವು, ಆದರೆ ಏರುವಾಗ ನಾಲ್ಕೂ ಬಿಸಿ. ಕತ್ತರಿಸುವ ಮುಂಚೆ ಅಳೆಯಬೇಕು. ಹಳೆಯ ವೇಗಮಾಪಕ ಒಂದಿತ್ತು. ಅದು ಅಳೆಯುವುದು ಎರಡು ಒತ್ತಡಗಳ ವ್ಯತ್ಯಾಸವನ್ನು ತಾನೆ? ಅದರ ಪಿಟಾಟ್ (ಎದುರುಗಾಳಿಯ ಒತ್ತಡ ಹಿಡಿಯುವ) ಕೊಳವೆಯನ್ನು ಸಿಲಿಂಡರ್ ಮೇಲಿನ ಕೋಣೆಗೂ ಸ್ಟ್ಯಾಟಿಕ್ (ಸುತ್ತಲಿನ ಗಾಳಿಯ ಒತ್ತಡ ಹಿಡಿಯುವ) ಕೊಳವೆಯನ್ನು ಕೆಳಗಿನ ಕೋಣೆಗೂ ಜೋಡಿಸಿದೆ. ಕೊಳವೆಯ ತುದಿಯನ್ನು ಹಾಗೆಯೇ ಬಿಟ್ಟರೆ ಬೀಸುವ ಗಾಳಿ ನೇರವಾಗಿ ಹೊಡೆದು ಸುಳ್ಳು ಅಳತೆ ಬರುತ್ತದೆ. ಆದ್ದರಿಂದ ತುದಿ ಮುಚ್ಚಿ ಕೊಳವೆಯ ಉದ್ದಕ್ಕೂ ಸಣ್ಣ ತೂತುಗಳನ್ನು ಕೊರೆದೆ. ಮಾಪಕದ ಮೇಲೆ ಕಣ್ಣಿಡಲು ಕ್ಯಾಮೆರಾ ಇಟ್ಟೆ, ನನ್ನ ಕಣ್ಣು ಹೊರಗೆ.

80 ನಾಟ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 106 ಮಿಲಿಮೀಟರ್ ನೀರಿನಷ್ಟು. ಆ ವೇಗದಲ್ಲಿ ಏರುವಾಗ ನನ್ನ ಹೆಚ್ಚುವರಿ ಮಾಪಕ ತೋರಿಸಿದ್ದು ಸುಮಾರು 50 ನಾಟ್. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಹೋಗುವುದರಿಂದ, ಸಿಗುವ ಒತ್ತಡದಲ್ಲಿ ಶೇಕಡ 40ರಷ್ಟು ಮಾತ್ರ ಫಿನ್‌ಗಳಿಗೆ ಕೆಲಸ ಮಾಡುತ್ತಿತ್ತು. ಉಳಿದದ್ದು ಎಲ್ಲಿ? ಕೊಳವೆಗಳನ್ನು ಬದಲಿಸಿ ಮೇಲಿನ ಕೋಣೆಯನ್ನಷ್ಟೇ ಅಳೆದರೆ ಅಲ್ಲಿ ಒತ್ತಡ ಭರ್ತಿ ಇತ್ತು. ಮುಂದಿನ ಬಾಯಿಗಳಲ್ಲಿ ಏನೂ ಕೊರತೆಯಿರಲಿಲ್ಲ. ಕೆಳಗಿನ ಕೋಣೆ ಬಿಸಿಗಾಳಿಯಿಂದ ತುಂಬಿ, ಹೊರಹೋಗಲು ದಾರಿ ಸಾಲದೆ, ಒತ್ತಡ ಅಲ್ಲಿ ಕಟ್ಟಿಕೊಂಡಿತ್ತು. ಕಾದ ಗಾಳಿ ಹಿಗ್ಗುತ್ತದೆ. ಅದಕ್ಕೆ ಒಳಬಂದದ್ದಕ್ಕಿಂತ ದೊಡ್ಡ ಬಾಗಿಲು ಬೇಕು.

ಹಾಗಾಗಿ ಕೆಲಸವೆಲ್ಲ ಹಿಂಬದಿಯಲ್ಲಿ ನಡೆಯಿತು. ಎಂಜಿನ್‌ನ ಹಿಂದಿನ ತಡೆಗೋಡೆಯಾದ ಫೈರ್‌ವಾಲ್‌ನ ಕೆಳಅಂಚು ಚೂಪಾಗಿತ್ತು. ಕೆಳಗಿಳಿದ ಗಾಳಿ ಅಲ್ಲಿ ತಟ್ಟನೆ ತಿರುಗಲಾರದೆ ಸುಳಿಗಟ್ಟುತ್ತದೆ. ಅದರ ಮೇಲೆ ಸ್ಟೇನ್‌ಲೆಸ್ ತಗಡನ್ನು ದುಂಡಗೆ ಬಾಗಿಸಿ ಕೂರಿಸಿದೆ. ನಿರ್ಗಮದ ಬಾಯಿಯನ್ನು ತುಸು ಅಗಲಿಸಿದೆ, ತುಟಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದೆ. ಮತ್ತೆ ಅದೇ 80 ನಾಟ್‌ನಲ್ಲಿ ಏರಿದಾಗ ಮಾಪಕ 60ರ ಮೇಲಿತ್ತು, ಹೆಡ್‌ಗಳು ನನ್ನ 205ರ ಗೆರೆಯ ಹತ್ತಿರಕ್ಕೆ ಇಳಿದಿದ್ದವು.

ಖರ್ಚಿಲ್ಲದ ಮದ್ದು ಇನ್ನೊಂದಿದೆ, ಯಾಕೋ ಯಾರೂ ಹೇಳುವುದಿಲ್ಲ. ಅಡೆತಡೆ ದಾಟಿದ ಮೇಲೆ 80ರ ಬದಲು 100 ನಾಟ್‌ನಲ್ಲಿ ಏರಿದರೆ ಎದುರುಗಾಳಿಯ ಒತ್ತಡ ಶೇಕಡ 56ರಷ್ಟು ಹೆಚ್ಚುತ್ತದೆ. ಏರುವ ದರ ಕೊಂಚ ಇಳಿಯುತ್ತದೆ, ಅಷ್ಟೆ. ಜೊತೆಗೆ, ಕಾರ್ಬ್ಯುರೇಟರ್‌ನಲ್ಲಿ ಹೆಚ್ಚುವರಿ ಇಂಧನ ಕೊಡುವ ಕವಾಟ ಥ್ರಾಟಲ್ ಪೂರ್ತಿ ತೆರೆದಾಗ ಮಾತ್ರ ತೆರೆಯುವಂಥದ್ದಾದರೆ, ಎಂಜಿನ್‌ಗೆ ದಯೆ ತೋರುತ್ತೇನೆಂದು ಥ್ರಾಟಲ್ ಸ್ವಲ್ಪ ಹಿಂದಕ್ಕೆ ಎಳೆಯುವುದು ತಿರುಗುಬಾಣವಾಗುತ್ತದೆ: ಮಿಶ್ರಣ ತೆಳುವಾಗಿ ಬಿಸಿ ಏರುತ್ತದೆ. ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಎಂಜಿನ್ ಫಲಕದಲ್ಲಿ ಬರೆದಷ್ಟೇ ಇದೆಯೇ ಎಂದೂ ನೋಡಿಕೊಳ್ಳಬೇಕು. ಕಿಡಿ ಇರಬೇಕಾದ್ದಕ್ಕಿಂತ ಮೊದಲೇ ಹಾರುತ್ತಿದ್ದರೆ ಬ್ಯಾಫಲ್‌ನಲ್ಲಿ ಎಷ್ಟು ಹುಡುಕಿದರೂ ದೋಷ ಸಿಗುವುದಿಲ್ಲ.

ಆಯಿಲ್‌ನ ಮಿತಿ 118 ಡಿಗ್ರಿ. ಆದರೆ ಅದು ತೀರಾ ತಣ್ಣಗಿದ್ದರೂ ಒಳಗಿನ ತೇವ ಆವಿಯಾಗಿ ಹೋಗದೆ ತುಕ್ಕು ಹಿಡಿಯುತ್ತದೆ. 82ರ ಆಸುಪಾಸಿನಲ್ಲಿ ಇರಿಸುವುದು ಒಳ್ಳೆಯದು. ಆಯಿಲ್ ಕೂಲರ್‌ನ ಹಿಂದೆ ಕೇಬಲ್‌ನಿಂದ ಮುಚ್ಚಿ ತೆರೆಯುವ ಒಂದು ಬಾಗಿಲು ಇಟ್ಟಿದ್ದೇನೆ, ಚಳಿಯ ದಿನಗಳಲ್ಲಿ ಅರ್ಧ ಮುಚ್ಚುತ್ತೇನೆ.

ನಿರ್ಗಮ ಅಗಲಿಸಿದ್ದರಿಂದ ಸಮಮಟ್ಟದ ಹಾರಾಟದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಹರಿದು ವೇಗ ಒಂದಿಷ್ಟು ಕಡಿಮೆಯಾಗಿದೆ. ಏರುವಾಗ ತೆರೆದು ಆಮೇಲೆ ಮುಚ್ಚುವ ಫ್ಲ್ಯಾಪ್ ಒಂದನ್ನು ನಿರ್ಗಮಕ್ಕೆ ಜೋಡಿಸುವ ಕೆಲಸ ಈಗ ನಡೆದಿದೆ. ಹಿಂಜ್ ಕೂರಿಸಿಯಾಗಿದೆ, ಕೇಬಲ್ ಎಳೆಯುವುದು ಬಾಕಿ.