ಸಿಓಪಿಡಿ: ರಕ್ತದ ವರದಿ ಓದುವ ಬಗೆ, ಔಷಧ ಎಳೆಯುವ ಬಗೆ

ಬಚ್ಚಲೊಲೆಯ ಹೊಗೆ, ಅಡಿಕೆ ಬೇಯಿಸುವ ಒಲೆಯ ಹೊಗೆ, ಬೀಡಿ. ಶಿರಸಿ ಸೀಮೆಯ ಮನೆಗಳಲ್ಲಿ ಶ್ವಾಸಕೋಶ ಹಾಳಾಗಿ ಸಿಓಪಿಡಿ, ಅಂದರೆ ಶ್ವಾಸನಾಳ ಕಟ್ಟಿ ದಮ್ಮು ತರುವ ದೀರ್ಘಕಾಲದ ರೋಗ, ಬರಲು ಇಷ್ಟು ಸಾಕು. ವರ್ಷಗಟ್ಟಲೆ ಹೊಗೆ ತಾಗಿದ ಶ್ವಾಸನಾಳದ ಒಳಪದರ ಇಂಟರ್‌ಲ್ಯೂಕಿನ್-8 ಎಂಬ ಅಣುವನ್ನು ಬಿಡುತ್ತದೆ. ಅದರ ಕರೆಗೆ ರಕ್ತದಿಂದ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಅವು ಸುರಿಸುವ ಎಲಾಸ್ಟೇಸ್ ಎಂಬ ಕಿಣ್ವ ಕಫ ಹೆಚ್ಚಿಸುತ್ತದೆ, ಗಾಳಿಚೀಲಗಳ ಗೋಡೆಯನ್ನೇ ತಿನ್ನುತ್ತದೆ. ಹೋದ ಗೋಡೆ ಮತ್ತೆ ಬರುವುದಿಲ್ಲ. ಕೆಲವರಲ್ಲಿ ಇಂಟರ್‌ಲ್ಯೂಕಿನ್-5 ಕೂಡ ಹೆಚ್ಚಿ ಇಯೊಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ತುಂಬಿಕೊಳ್ಳುತ್ತವೆ. ಉಸಿರಿನೊಂದಿಗೆ ಎಳೆಯುವ, ಉರಿಯೂತ ಇಳಿಸುವ ಸ್ಟೀರಾಯ್ಡ್ ಚೆನ್ನಾಗಿ ಹಿಡಿಯುವುದು ಇಂಥವರಿಗೆ.

ಮೊದಲು ಸ್ಪೈರೋಮೆಟ್ರಿ, ಅಂದರೆ ಊದಿದ ಗಾಳಿಯನ್ನು ಅಳೆಯುವ ಪರೀಕ್ಷೆ. ನಾಳ ಸಡಿಲಿಸುವ ಔಷಧ ಸಾಲ್ಬುಟಮಾಲ್ 400 ಮೈಕ್ರೊಗ್ರಾಂ ಎಳೆದು 10–15 ನಿಮಿಷದ ಮೇಲೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಎಂದರ್ಥ.

ನಂತರ ಸಾಮಾನ್ಯ ರಕ್ತಪರೀಕ್ಷೆ. ವರದಿಯಲ್ಲಿ ಬಿಳಿ ರಕ್ತಕಣ 8,000, ಇಯೊಸಿನೊಫಿಲ್ ಶೇ. 4 ಎಂದಿದ್ದರೆ 8,000ವನ್ನು 4ರಿಂದ ಗುಣಿಸಿ 100ರಿಂದ ಭಾಗಿಸಿ: 320. ರೋಗ ಪದೇ ಪದೇ ಉಲ್ಬಣಿಸುವವರಲ್ಲಿ ಇದು 300 ಅಥವಾ ಮೇಲಿದ್ದರೆ ಸ್ಟೀರಾಯ್ಡ್‌ನಿಂದ ಲಾಭ ಹೆಚ್ಚು. 100ಕ್ಕಿಂತ ಕೆಳಗಿದ್ದರೆ ಲಾಭ ಕಡಿಮೆ, ನ್ಯುಮೋನಿಯಾ ಭಯ ಹೆಚ್ಚು. ನಡುವಿನವರಿಗೆ ವೈದ್ಯರು ತೂಗಿ ಹೇಳಿದ್ದೇ ಸರಿ. ಎರಡು ಕಡೆ ಲೆಕ್ಕ ತಪ್ಪುತ್ತದೆ: ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಸಂಖ್ಯೆ ಇಳಿದಿರುತ್ತದೆ, ಬರಿಗಾಲಲ್ಲಿ ತೋಟ ತಿರುಗಿ ಕೊಕ್ಕೆಹುಳ ಹತ್ತಿಸಿಕೊಂಡಿದ್ದರೆ ಏರಿರುತ್ತದೆ. ಎರಡನ್ನೂ ವೈದ್ಯರಿಗೆ ಹೇಳಿ.

ಔಷಧ ಸರಿಯಿದ್ದೂ ಎಳೆಯುವುದು ತಪ್ಪಿದರೆ ಎಲ್ಲ ವ್ಯರ್ಥ. ಒತ್ತಿದರೆ ಔಷಧ ಚಿಮ್ಮುವ ಪಂಪಿಗೆ ನಿಧಾನ, ಪುಡಿಗೆ ಜೋರು. ಪಂಪನ್ನು ಕುಲುಕಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ 4–5 ಸೆಕೆಂಡು ಮೆಲ್ಲಗೆ ಎಳೆದು, 10 ಸೆಕೆಂಡು ಹಿಡಿಯಿರಿ. ಜೋರಾಗಿ ಎಳೆದರೆ ಔಷಧ ಗಂಟಲಿಗೇ ಬಡಿದು ಉಳಿಯುತ್ತದೆ. ಇನ್ನೊಂದು ಪಫ್‌ಗೆ ಅರ್ಧ ನಿಮಿಷ ಬಿಡಿ. ಕ್ಯಾಪ್ಸೂಲ್ ಪುಡಿಯನ್ನು ಒಂದೇ ಸಲಕ್ಕೆ ಬಲವಾಗಿ ಎಳೆಯಬೇಕು, ಇಲ್ಲದಿದ್ದರೆ ಪುಡಿ ಬಿಡಿಯಾಗುವುದಿಲ್ಲ. ಸಾಧನದೊಳಕ್ಕೆ ಉಸಿರು ಊದಬೇಡಿ. ಮಳೆಗಾಲದಲ್ಲಂತೂ ಕ್ಯಾಪ್ಸೂಲ್ ಬಾಟಲಿಯ ಮುಚ್ಚಳ ಬಿಗಿಯಾಗಿರಲಿ, ಬಚ್ಚಲ ಹತ್ತಿರ ಇಡಬೇಡಿ: ಪಸೆ ಹಿಡಿದ ಪುಡಿ ಗಂಟು ಕಟ್ಟುತ್ತದೆ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲವಾದರೆ ನಾಲಗೆಯ ಮೇಲೆ ಬಿಳಿ ಬೂಸಲು.

ಸಾಲ್ಬುಟಮಾಲ್ ನಾಳದ ಸ್ನಾಯು ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ಇಳಿಸುವುದಿಲ್ಲ. ಅದಕ್ಕೇ ವೈದ್ಯರು ದಿನವೂ ಎಳೆಯಲು ಬರೆದ ಔಷಧವನ್ನು ದಮ್ಮು ಇಲ್ಲದ ದಿನವೂ ಬಿಡಬಾರದು. ಕಫ ಹೆಚ್ಚಾಗಿ ಹಳದಿ-ಹಸಿರಿಗೆ ತಿರುಗಿ ದಮ್ಮೂ ಏರಿದರೆ ಅಂದೇ ಆಸ್ಪತ್ರೆಗೆ ಹೋಗಿ.