ಮೂರು ಗುರುತು, ಒಂದೂ ಕಮ್ಮಿ ಆಗಬಾರದು

ಮಾರಿಷಸ್‌ನಲ್ಲಿ ನನಗೂ ಓಟಿದೆ ಅಂದಾಗ ಮೊದಲು ನಂಬಲಿಲ್ಲ. ನಾನಿನ್ನೂ ಭಾರತದ ಪಾಸ್‌ಪೋರ್ಟಿನವನು, ಎಬೆನ್‌ನಲ್ಲಿ ಕೆಲಸ, ಕಾತ್ರ್ ಬೋರ್ನ್‌ನಲ್ಲಿ ಬಾಡಿಗೆ ಮನೆ. ಆದರೆ ಇಲ್ಲಿನ ಸಂವಿಧಾನದ ಪ್ರಕಾರ ಕಾಮನ್‌ವೆಲ್ತ್ ದೇಶದವರು ಎರಡು ವರ್ಷ ಇಲ್ಲೇ ವಾಸವಿದ್ದರೆ ಪಟ್ಟಿಗೆ ಸೇರಬಹುದು. 2024ರ ಜನವರಿಯಲ್ಲಿ ಮನೆ ಮನೆಗೆ ಬಂದ ಚುನಾವಣಾ ಸಿಬ್ಬಂದಿ ಹತ್ತಿರ ಹೆಸರು ಬರೆಸಿದೆ.

ಅಕ್ಟೋಬರ್‌ನಲ್ಲಿ ಊರಿಗೆ ಚುನಾವಣೆಯ ಬಣ್ಣ ಬಂತು. ಲೇಬರ್ ಪಕ್ಷದವರ ಕೆಂಪು, ಎಂಎಂಎಂ ಪಕ್ಷದ ನೇರಳೆ, ಆಗ ಆಳುತ್ತಿದ್ದ ಎಂಎಸ್‌ಎಂ ಪಕ್ಷದ ಕಿತ್ತಳೆ. ರಸ್ತೆಯ ಆಚೆಯಿಂದ ಈಚೆಗೆ ಬಾವುಟದ ತೋರಣ. ಅಷ್ಟರಲ್ಲಿ 'ಮಿಸ್ಯೆ ಮುಸ್ತಾಸ್', ಅಂದರೆ ಮೀಸೆ ಸಾಹೇಬ, ಅನ್ನೋ ಹೆಸರಿನಲ್ಲಿ ಯಾರೋ ದೊಡ್ಡವರ ಫೋನ್ ಮಾತುಗಳನ್ನೆಲ್ಲ ಹರಿಯಬಿಟ್ಟರು. ನವೆಂಬರ್ ಮೊದಲ ದಿನ ಸರ್ಕಾರ ಸೋಷಿಯಲ್ ಮೀಡಿಯಾವನ್ನೇ ಬಂದ್ ಮಾಡಿತು. ಮರುದಿನವೇ ವಾಪಸ್ ತೆಗೆದುಕೊಂಡಿತು ಅನ್ನಿ. ಆಫೀಸಿನಲ್ಲಿ ಆವತ್ತು ಬೇರೆ ಮಾತೇ ಇಲ್ಲ.

ನನ್ನ ತಲೆಬಿಸಿ ಬೇರೆ. ಇಲ್ಲಿ ಒಬ್ಬರಿಗೆ ಒಂದು ಓಟಲ್ಲ, ಮೂರು. ಮುಖ್ಯ ದ್ವೀಪದಲ್ಲಿ 20 ಕ್ಷೇತ್ರ, ಒಂದೊಂದಕ್ಕೂ ಮೂವರು ಶಾಸಕರು. ರೋಡ್ರಿಗ್ಸ್ ದ್ವೀಪಕ್ಕೆ ಇಬ್ಬರು. ಒಟ್ಟು 62. ಮೂರೂ ಗುರುತು ಹಾಕಲೇಬೇಕು. ಎರಡು ಹಾಕಿದರೂ ಓಟು ಹಾಳು, ನಾಲ್ಕಾದರೂ ಹಾಳು. ಇಬ್ಬರ ಬಗ್ಗೆ ನನಗೆ ಗಟ್ಟಿ ಮನಸ್ಸಿತ್ತು. ಮೂರನೆಯವರು ಯಾರು? ಬೇಡ ಅಂದರೂ ಕೈ ಬಿಡೋ ಹಾಗಿಲ್ಲ, ನೋಟಾ ಗೀಟಾ ಏನೂ ಇಲ್ಲ. "ಒಂದೇ ಪಕ್ಷಕ್ಕೆ ಮೂರೂ ಒತ್ತಿಬಿಡಪ್ಪ, ಬ್ಲಾಕ್!" ಅಂತ ಮನೆ ಮಾಲೀಕರು ಇಲ್ಲಿನ ಆಡುಮಾತು ಕ್ರಿಯೋಲ್‌ನಲ್ಲಿ ದಿನಾ ಹೇಳೋರು. ಪಕ್ಷ ಬಿಟ್ಟು ಪಕ್ಷಕ್ಕೆ ಹಂಚಿ ಹಾಕೋದಕ್ಕೆ ಇಲ್ಲಿ 'ಕೂಪೆ-ತ್ರಾಂಶೆ' ಅಂತಾರೆ. ಅವರಿಗೆ ಅದು ಬೈಗುಳಕ್ಕೆ ಸಮ.

ನವೆಂಬರ್ 10, ಭಾನುವಾರ. ಬೆಳಿಗ್ಗೆ ಹತ್ತಿರದ ಶಾಲೆಗೆ ಹೋದೆ. ಕೋಣೆಗಳನ್ನು ಸರ್‌ನೇಮ್‌ನ ಅಕ್ಷರದ ಮೇಲೆ ಹಂಚಿದ್ದರು. ನಾನು ನನ್ನ ಹೆಸರಿನ ಅಕ್ಷರ ನೋಡಿ ಸಾಲಿನಲ್ಲಿ ನಿಂತೆ. ಅರ್ಧ ಗಂಟೆ ಆದಮೇಲೆ ಹೊಳೆಯಿತು: ನನ್ನ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್! ಅಪ್ಪನ ಅಕ್ಷರದ ಕೋಣೆ ಕಾರಿಡಾರಿನ ಆ ತುದಿಯಲ್ಲಿತ್ತು. ಮತ್ತೆ ಸಾಲು.

ಇವಿಎಂ ಇಲ್ಲ, ಉದ್ದದ ಕಾಗದ. ಹೆಸರುಗಳು ಪಕ್ಷದ ಪ್ರಕಾರ ಇರೋದಿಲ್ಲ, ಸರ್‌ನೇಮ್‌ನ ಅಕ್ಷರಮಾಲೆಯ ಪ್ರಕಾರ ಇರುತ್ತವೆ. ಹಾಗಾಗಿ ನನ್ನವರು ಒಬ್ಬರು ಮೇಲೆ, ಇನ್ನೊಬ್ಬರು ತಳದಲ್ಲಿ. ಬೆರಳಿಟ್ಟುಕೊಂಡು ಇಳಿದೆ. ಎರಡು ಗುರುತು ಹಾಕಿದೆ. ಮೂರನೆಯದಕ್ಕೆ ಕೈ ನಿಂತಿತು. ಹಿಂದಿನ ವಾರ ನಮ್ಮ ಗೇಟಿಗೆ ಒಬ್ಬರೇ ನಡೆದು ಬಂದು, ಮಳೆ ಬಂದರೆ ತುಂಬುವ ಚರಂಡಿ ಬಗ್ಗೆ ಹತ್ತು ನಿಮಿಷ ಮಾತಾಡಿದ ಸಣ್ಣ ಪಕ್ಷದವರ ಹೆಸರು ಕಣ್ಣಿಗೆ ಬಿತ್ತು. ಹಾಕಿಬಿಟ್ಟೆ. ಕಾಗದ ಮಡಚೋ ಮೊದಲು ಗುರುತುಗಳನ್ನು ಎರಡು ಸಲ ಎಣಿಸಿದೆ.

ಇಲ್ಲಿ ಎಣಿಕೆ ಮರುದಿನ, ಅದೂ ಕೈಯಲ್ಲೇ. ಸಂಜೆ ಹೊತ್ತಿಗೆ ಲೇಬರ್ ನಾಯಕ ನವೀನ್ ರಾಮ್‌ಗೂಲಾಮ್ ಅವರ ಮೈತ್ರಿಕೂಟ ಮುಖ್ಯ ದ್ವೀಪದ 60ಕ್ಕೆ 60ನ್ನೂ ಬಾಚಿಕೊಳ್ಳೋದು ಖಾತ್ರಿಯಾಗಿತ್ತು. ಆಗಿನ ಪ್ರಧಾನಿ, ಎಂಎಸ್‌ಎಂನ ಪ್ರವಿಂದ್ ಜಗನ್ನಾಥ್ ತಮ್ಮ ಕ್ಷೇತ್ರದಲ್ಲೇ ಸೋತರು. ಮಾಲೀಕರು ದಾಲ್ ಪೂರಿ ಕಟ್ಟಿಸಿಕೊಂಡು ಬಂದರು. ನೋಡೋಕೆ ನಮ್ಮ ಹೋಳಿಗೆಯೇ, ಬಾಯಿಗಿಟ್ಟರೆ ಖಾರ. "1982ರಲ್ಲೂ ಹೀಗೇ 60-0, 95ರಲ್ಲೂ ಹೀಗೇ" ಅಂದರು. ಆಮೇಲೆ ಕಣ್ಣು ಸಣ್ಣಗೆ ಮಾಡಿ, "ನಿನ್ನ ಮೂರನೆಯದು?" ಅಂತ ಕೇಳಿದರು. ಚರಂಡಿಯವರ ಹೆಸರು ಹೇಳಿದೆ.

"ಕೂಪೆ-ತ್ರಾಂಶೆ!" ಅಂತ ಹಣೆ ಚಚ್ಚಿಕೊಂಡರು. ದಾಲ್ ಪೂರಿ ಮಾತ್ರ ಇನ್ನೊಂದು ಹಾಕಿದರು.